ಗೆಳೆಯ ಅನ್ನೋ ಪದ ಹೊಸ್ತಿಲು ದಾಟಿತ್ತಾ?



ಈ 'ಗೆಳೆಯ' ಅನ್ನೋ ಪದ ಬಹಳ ಹಳೇದು. ಹಳಗನ್ನಡದಲ್ಲಿ ಕೆಳೆ ಅಂದ್ರೆ ಸ್ನೇಹ. ಕೆಳೆಯ ನಮ್ಮ ಬಾಯಲ್ಲಿ ಗೆಳೆಯ ಆದ. ಒಡನೆ ಆಡಿದವನು ಒಡನಾಡಿ. ಫಾರ್ಸಿಯಿಂದ ಬಂದ ದೋಸ್ತ್ ಇದ್ದಾನೆ, ಸಂಸ್ಕೃತದ ಮಿತ್ರ, ಸಖ, ಆಪ್ತ ಎಲ್ಲಾ ಇದ್ದಾರೆ. ಇಷ್ಟೊಂದು ಪದ ಇರೋ ಭಾಷೆಯಲ್ಲಿ ಊರಿನವನು ಕೇರಿಯವನನ್ನ ಯಾವ ಪದದಿಂದ ಕರೆದ?

ಹಳೇ ಮೈಸೂರು ಸೀಮೆಯ ಹಳ್ಳಿಗಳನ್ನೇ ನೋಡಿ. ದನ ಮೇಯಿಸುವಾಗ ಗೌಡರ ಹುಡುಗ, ನಮ್ಮ ಹುಡುಗ ಇಬ್ಬರೂ ಒಂದೇ ಕೆರೆಯಲ್ಲಿ ಈಜಿದವರು, ಒಂದೇ ಮರ ಹತ್ತಿದವರು. ಅಕ್ಷರಶಃ ಒಡನಾಡಿಗಳು. ಮೀಸೆ ಬರೋ ಹೊತ್ತಿಗೆ ಒಬ್ಬ 'ಬುದ್ಧಿ' ಆಗ್ತಾನೆ, ಇನ್ನೊಬ್ಬ 'ಲೋ' ಆಗಿಯೇ ಉಳೀತಾನೆ. ನಮ್ಮ ತಾತಂದಿರು ಚಡ್ಡಿ ಹಾಕೋ ಹುಡುಗನಿಗೂ ಬುದ್ಧಿ ಅಂದಿದ್ದಾರೆ. ಬುದ್ಧಿಗೂ ಲೋಗೂ ನಡುವೆ ಗೆಳೆಯ ಅನ್ನೋ ಪದಕ್ಕೆ ಜಾಗ ಎಲ್ಲಿತ್ತು?

ಸ್ನೇಹಕ್ಕೆ ಜಾತಿ ಇಲ್ಲ ಅನ್ನೋರು ಕರ್ಣ-ದುರ್ಯೋಧನರ ಹೆಸರು ಹೇಳ್ತಾರೆ. ಪಂಪನ ಕರ್ಣ ನನಗೂ ಇಷ್ಟ. ಆದರೆ ಕತೆಯ ಕ್ರಮ ಗಮನಿಸಿ: ಮೊದಲು ಅಂಗರಾಜ್ಯದ ಪಟ್ಟ, ಆಮೇಲೆ ಗೆಳೆತನ. ಸೂತಪುತ್ರ ಸೂತಪುತ್ರನಾಗಿಯೇ ಇದ್ದಿದ್ರೆ?

ಹನ್ನೆರಡನೇ ಶತಮಾನದ ಕಲ್ಯಾಣ ಇದನ್ನ ಬೇರೆ ಥರ ಬಿಡಿಸೋಕೆ ಹೊರಟಿತು. ಬಸವಣ್ಣ ತನ್ನ ವಚನದಲ್ಲಿ ಮಾದಾರ ಚೆನ್ನಯ್ಯನನ್ನ ಗೆಳೆಯ ಅಂತ ಕರೆಯಲಿಲ್ಲ, ಅಪ್ಪ ಅಂದ. ಡೋಹರ ಕಕ್ಕಯ್ಯನನ್ನೂ ಮನೆಯ ಹಿರಿಯನ ಸ್ಥಾನದಲ್ಲಿಟ್ಟ. ಗೆಳೆಯನನ್ನ ಜಗಲಿ ಮೇಲೆ ಕೂರಿಸಿ ಮಾತಾಡಿ ಕಳಿಸಬಹುದು, ಅಪ್ಪನನ್ನ ಒಳಗೆ ಕರೀಲೇಬೇಕು. ಆ ನಂಟು ಮಾತಿನಲ್ಲಿ ಇರೋವರೆಗೂ ನಡೀತು. ಶರಣ ಪರಂಪರೆ ಹೇಳೋ ಹಾಗೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದಾಗ, ಅಂದ್ರೆ ನಂಟು ನಿಜವಾದಾಗ, ಇಬ್ಬರು ಬೀಗರನ್ನೂ ಆನೆ ಕಾಲಿಗೆ ಕಟ್ಟಿ ಎಳೆಸಿದ್ರು.

ಈಗ 1917ರ ಬರೋಡಾಕ್ಕೆ ಬನ್ನಿ. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದ ಬಾಬಾಸಾಹೇಬರು ಅಲ್ಲಿ ಸಂಸ್ಥಾನದ ಕೆಲಸಕ್ಕೆ ಸೇರಿದ್ರು. ಉಳಿಯೋಕೆ ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಲ್ಲಿ ಇದ್ದರು. ಹನ್ನೊಂದನೇ ದಿನ ಬೆಳಗ್ಗೆ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡು ಅಂತ ಬೆದರಿಸಿತು. ಆಗ ಅವರಿಗೆ ಇಬ್ಬರು ಸ್ನೇಹಿತರ ನೆನಪಾಯ್ತು. ಒಬ್ಬ ಹಿಂದೂ. ಅವನಿಗೆ ನಿಜಕ್ಕೂ ಬೇಜಾರಾಯ್ತು, ಸಿಟ್ಟೂ ಬಂತು. ಆದರೆ ನೀನು ನನ್ನ ಮನೆಗೆ ಬಂದರೆ ಕೆಲಸದವರು ಬಿಟ್ಟು ಹೋಗ್ತಾರೆ ಅಂದ. ಇನ್ನೊಬ್ಬ ಬ್ರಾಹ್ಮಣ ಮೂಲದ ಕ್ರೈಸ್ತ. ನಾಳೆ ಹೆಂಡತಿ ಬರ್ತಾಳೆ, ಅವಳನ್ನ ಕೇಳಬೇಕು ಅಂದ. ಮತ ಬದಲಾದರೂ ಆಕೆಯ ಮಡಿ ಬದಲಾಗಿರಲಿಲ್ಲ ಅನ್ನೋದು ಬಾಬಾಸಾಹೇಬರಿಗೆ ಆಮೇಲೆ ಗೊತ್ತಾಯ್ತು. ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. ಕಾಮಾಠಿ ಬಾಗ್ ಅನ್ನೋ ಸಾರ್ವಜನಿಕ ತೋಟದಲ್ಲಿ ಕೂತು ಕಾದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನೆಲ್ಲ ಅವರೇ ಬರೆದಿದ್ದಾರೆ. ಓದಿಲ್ಲದೋರು ಇವತ್ತೇ ಓದಿ, ಪುಟ್ಟ ಪುಸ್ತಕ.

ನನ್ನನ್ನ ಕಾಡೋದು ದೊಣ್ಣೆ ಹಿಡಿದೋರಲ್ಲ, ಆ ಇಬ್ಬರು ಸ್ನೇಹಿತರು. ಕೆಟ್ಟವರಲ್ಲ ಅವರು. ಸ್ನೇಹ ಸುಳ್ಳೂ ಆಗಿರಲಿಲ್ಲ. ಅದು ಹೊಸ್ತಿಲವರೆಗಿನ ಸ್ನೇಹ, ಅಷ್ಟೇ.

ಹಾಗಂತ ಎಲ್ಲರೂ ಹಾಗಿರಲಿಲ್ಲ. 1920ರಲ್ಲಿ ಮತ್ತೆ ಲಂಡನ್‌ಗೆ ಓದೋಕೆ ಹೊರಟಾಗ ಬಾಬಾಸಾಹೇಬರಿಗೆ ಸಾಲ ಕೊಟ್ಟ ನವಲ್ ಭಥೇನಾ ಕೂಡ ಪಾರ್ಸಿಯೇ.

ನಮ್ಮ ಚಳವಳಿ 'ಸಂಗಾತಿ' ಪದವನ್ನ ಎತ್ತಿಕೊಂಡಿದ್ದು ಸುಮ್ಮನೆ ಅಲ್ಲ ಅನ್ನಿಸುತ್ತೆ. 1973ರ ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಪರ ನಿಂತಿದ್ದಕ್ಕೆ ನಮ್ಮ ಹುಡುಗರು ಹೊಡೆಸಿಕೊಂಡ್ರು. ಹಾಸ್ಟೆಲುಗಳಲ್ಲಿ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಚಾಪೆಯಲ್ಲಿ ಮಲಗಿದವರ ನಡುವೆ ನಂಬಿಕೆ ಬೇರೆ ಥರ ಬೆಳೀತು. ಸಂಗಾತಿ ಅಂದ್ರೆ ಜೊತೆಗೆ ಆಡಿದವನಲ್ಲ, ಜೊತೆಗೆ ನಡೆದವನು. ಏಟು ಬಿದ್ದಾಗ ಓಡಿ ಹೋಗದವನು. ನಡೆದವಳೂ ಹೌದು. ಗೆಳೆಯ, ಗೆಳತಿ ಅಂತ ಬೇರೆ ಬೇರೆ ಹೇಳಬೇಕು, ಸಂಗಾತಿಗೆ ಆ ಕಷ್ಟ ಇಲ್ಲ. (ನಮ್ಮ ವೇದಿಕೆಗಳ ಮೇಲೆ ಎಷ್ಟು ಸಂಗಾತಿಯರಿಗೆ ಮೈಕು ಸಿಗುತ್ತೆ ಅನ್ನೋದು ಬೇರೆ ಜಗಳ, ಅದನ್ನ ಬಿಡೋ ಮಾತಿಲ್ಲ.)

ಈಗ ಮದುವೆ ಕಾರ್ಡು, ಪೇಪರಿನ ವಧೂವರ ಕಾಲಂನಲ್ಲಿ ಸಂಗಾತಿ ಅಂದ್ರೆ ಗಂಡ ಇಲ್ಲಾ ಹೆಂಡತಿ. ಅದೇ ಕಾಲಂನಲ್ಲಿ ಪಕ್ಕಕ್ಕೇ ಜಾತಿ, ಉಪಜಾತಿಯೂ ಇರುತ್ತೆ.

ನಿಮ್ಮ ಕೇರಿಯಲ್ಲಿ, ಜೀವಕ್ಕೆ ಜೀವ ಕೊಡೋ ದೋಸ್ತನಿಗೆ ಏನಂತ ಕರೀತಾರೆ? ನಿಮ್ಮ ಅಜ್ಜಿಯ ಬಾಯಲ್ಲಿದ್ದ ಪದ ಇದ್ದರೆ ಅದನ್ನೇ ಬರೀರಿ.