ಜಾಲರಿಯ ಹಿಂದಿನ ವಾದ್ಯವೃಂದ: ವಿವಾಲ್ಡಿ ಮತ್ತು ವೆನಿಸ್

ಆಂಟೋನಿಯೊ ವಿವಾಲ್ಡಿ 1678ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ. ಪಿಟೀಲುವಾದಕ ತಂದೆಯಿಂದ ವಾದ್ಯ ಬಂತು ನಿಜ; ಆದರೆ ಆತನ ಸಂಗೀತಕ್ಕೆ ರೂಪ ಕೊಟ್ಟದ್ದು ಆ ನಗರದ ಒಂದು ಅನಾಥಾಲಯ. ಪಾದ್ರಿಯಾಗಿ ದೀಕ್ಷೆ ಪಡೆದ 1703ರಲ್ಲೇ ಆತ ಪಿಯೆತಾ ಎಂಬ ಆ ಅನಾಥಾಲಯದಲ್ಲಿ ಪಿಟೀಲು ಕಲಿಸತೊಡಗಿದ. ಹೆತ್ತವರು ತೊರೆದ ಹೆಣ್ಣುಮಕ್ಕಳಿಗೆ ಅಲ್ಲಿ ವರ್ಷಗಟ್ಟಲೆ ಸಂಗೀತಪಾಠ ನಡೆಯುತ್ತಿತ್ತು. ಚರ್ಚಿನ ಉಪ್ಪರಿಗೆಯಲ್ಲಿ, ಲೋಹದ ಜಾಲರಿಯ ಹಿಂದೆ ಅವರು ನುಡಿಸುತ್ತಿದ್ದರು. ಕೆಳಗೆ ಕೂತವರಿಗೆ ಮುಖ ಕಾಣದು, ನಾದವಷ್ಟೇ ಕೇಳುವುದು. ಮನೆತನದ ಹೆಸರಿಲ್ಲದ ಅವರಿಗೆ ವಾದ್ಯವೇ ಹೆಸರು: ‘ಪಿಟೀಲಿನ ಆನ್ನಾ ಮರಿಯಾ’ಳಿಗಾಗಿ ವಿವಾಲ್ಡಿ ಹಲವು ಕಂಚೆರ್ಟೊಗಳನ್ನು, ಅಂದರೆ ಒಂದು ವಾದ್ಯ ಮುಂದಾಗಿ ವಾದ್ಯವೃಂದದೊಂದಿಗೆ ನುಡಿಸುವ ಕೃತಿಗಳನ್ನು, ಬರೆದ.

ಅಂಥ ಪ್ರತಿಭೆ ಎಲ್ಲಿದ್ದರೂ ಅರಳುತ್ತಿತ್ತು ಎಂಬ ವಾದವಿದೆ. ಅದಕ್ಕೆ ಆಧಾರವೂ ಉಂಟು: ಆತನ ಕೃತಿಗಳು ಅಚ್ಚಾಗಿ ಯುರೋಪಿಗೆಲ್ಲ ಹಬ್ಬಿದ್ದು ಆಮ್‌ಸ್ಟರ್‌ಡ್ಯಾಮ್‌ನಿಂದ. ‘ನಾಲ್ಕು ಋತುಗಳು’ ಕೂಡ 1725ರಲ್ಲಿ ಪ್ರಕಟವಾದದ್ದು ಅಲ್ಲಿಯೇ. ಆದರೆ ಅಚ್ಚಿನ ಮನೆ ಸಂಗೀತವನ್ನು ಹಂಚುತ್ತದೆ, ಹುಟ್ಟಿಸುವುದಿಲ್ಲ. ಬರೆದದ್ದನ್ನು ನುರಿತ ಕೈಗಳಲ್ಲಿ ಕೇಳಿ, ತಿದ್ದಿ, ಮತ್ತೆ ಬರೆಯುವ ಅವಕಾಶ ಎಷ್ಟು ಜನರಿಗಿತ್ತು? 1723ರಲ್ಲಿ ಪಿಯೆತಾ ಆತನಿಂದ ತಿಂಗಳಿಗೆ ಎರಡು ಹೊಸ ಕಂಚೆರ್ಟೊ ಪಡೆಯುವ ಒಪ್ಪಂದ ಮಾಡಿಕೊಂಡಿತು. ಆ ಬೇಡಿಕೆಯಿಲ್ಲದೆ ಸುಮಾರು 500 ಕಂಚೆರ್ಟೊಗಳ ರಾಶಿಯನ್ನು ಊಹಿಸುವುದು ಕಷ್ಟ. ಪಿಯೆತಾದ ಹೆಣ್ಣುಮಕ್ಕಳಿಗಾಗಿ 1716ರಲ್ಲಿ ಬರೆದ ಧಾರ್ಮಿಕ ಗಾನಕಥನ ‘ಜುಡಿತಾ ಟ್ರಯಂಫನ್ಸ್’ ಇನ್ನೂ ಬಲವಾದ ಸಾಕ್ಷಿ: ಒಟ್ಟೊಮನ್ ಸೇನೆಯೊಂದಿಗಿನ ವೆನಿಸ್‌ನ ಯುದ್ಧವೇ ಅದರ ಹಿನ್ನೆಲೆ, ಸೇನಾಪತಿ ಹೊಲೊಫೆರ್ನೆಸ್‌ನ ಪಾತ್ರವನ್ನೂ ಹಾಡಿದ್ದು ಹೆಣ್ಣುಮಗಳೇ. ಇದೇ ವೆನಿಸ್ ಮುಂದೆ ಹೊಸ ರುಚಿಗಳತ್ತ ಹೊರಳಿತು. ವಿವಾಲ್ಡಿ ಊರು ಬಿಟ್ಟು 1741ರಲ್ಲಿ ವಿಯೆನ್ನಾದಲ್ಲಿ ಬಡತನದಲ್ಲಿ ತೀರಿಕೊಂಡ.