ಶರಾಬಿ ಹೊಳೆಯ ದಂಡೆಯಲ್ಲಿ: ಬಂದರು ಮುಗಿದ ಮೇಲೂ ಉಳಿದ ಭಟ್ಕಳದ ಹಳೇ ಕೇರಿ

ಬಂದರಿನ ಉಸ್ತುವಾರಿ ಹೊತ್ತ ಅಧಿಕಾರಿಗೆ ಪಾರಸಿಯಲ್ಲಿ ‘ಶಾಹ್‌ಬಂದರ್’ ಎಂದು ಹೆಸರು. ಬಂದ ಹಡಗಿನ ಸರಕಿಗೆ ಸುಂಕ ಗೊತ್ತುಮಾಡುವುದು, ಪರದೇಶಿ ವರ್ತಕರ ಕಷ್ಟಸುಖ ವಿಚಾರಿಸುವುದು ಅವನ ಕೆಲಸ. ಹೊರ್ಮುಜ್‌ನಿಂದ ಮಲಕ್ಕಾದವರೆಗೆ ಕಡಲದಂಡೆಯ ಎಷ್ಟೋ ಊರುಗಳಲ್ಲಿ ಈ ಹುದ್ದೆ ಇತ್ತು. ಭಟ್ಕಳದಲ್ಲಿ ಇಂದು ಅದು ಒಂದು ಮುಸ್ಲಿಂ ಮನೆತನದ ಹೆಸರು: ಶಾಬಂದ್ರಿ. ಹೊರ್ಮುಜ್‌ನ ಕುದುರೆ ಹಡಗುಗಳು ಶರಾಬಿ ಹೊಳೆಯ ಅಳಿವೆಗೆ ಬರುವುದು ನಿಂತು ಶತಮಾನಗಳೇ ಕಳೆದಿವೆ. ಹುದ್ದೆ ಇಲ್ಲ, ಹೆಸರು ಮಾತ್ರ ಕೇರಿಯಲ್ಲಿ ಉಳಿದಿದೆ.

ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಒಂದೊಂದು ಕಾಲದಲ್ಲಿ ಬಂದರಿನಿಂದ ಬದುಕಿದ ಪಟ್ಟಣಗಳು. ಮೂರರ ಬಂದರು ವೈಭವವೂ ಮುಗಿಯಿತು. ಆದರೆ ಭಟ್ಕಳದಲ್ಲಿ ಬಂದರಿನ ಕೇರಿ ಚದುರಲಿಲ್ಲ. ಅದಕ್ಕೊಂದು ಭಾಷೆ, ಒಂದು ಅಡುಗೆ, ಒಂದು ಬಗೆಯ ಮನೆ, ನೂರು ವರ್ಷ ದಾಟಿದ ಸಂಸ್ಥೆಗಳು ಇವೆ. ಕಾರಣವನ್ನು ಸರಕಿನ ಲೆಕ್ಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮನೆಗಳ ಒಳಗೆ ಹುಡುಕಬೇಕು.

ಕುದುರೆ, ಅಕ್ಕಿ, ಹೇರೆತ್ತು

ಊರಿನ ಹೆಸರಿಗೆ ಜೈನ ಆಚಾರ್ಯ ಭಟ್ಟಾಕಳಂಕನೇ ಮೂಲ ಎಂಬ ನಂಬಿಕೆ ಸ್ಥಳೀಯವಾಗಿ ಬಲವಾಗಿದೆ. ‘ಕರ್ಣಾಟಕ ಶಬ್ದಾನುಶಾಸನ’ ಬರೆದ ವೈಯಾಕರಣ ಭಟ್ಟಾಕಳಂಕ ಆ ಗ್ರಂಥವನ್ನು ಮುಗಿಸಿದ್ದು 1604ರಲ್ಲಿ. ಪೋರ್ಚುಗೀಸರ ಬರಹಗಳಲ್ಲಿ ‘ಬಟೆಕಲ’ ಎಂಬ ಹೆಸರು ಅದಕ್ಕಿಂತ ನೂರು ವರ್ಷ ಮೊದಲೇ ಕಾಣುತ್ತದೆ. ಆದ್ದರಿಂದ ಊರಿನ ಹೆಸರು ಈ ವೈಯಾಕರಣನಿಂದ ಬಂದಿರಲಾರದು. ನಂಬಿಕೆ ಅವನಿಗಿಂತ ಹಿಂದಿನ ಗುರುವೊಬ್ಬನನ್ನು ಸೂಚಿಸುತ್ತಿರಬಹುದು. ಜೈನರು ಇಲ್ಲಿ ಪ್ರಬಲರಾಗಿದ್ದರು ಎನ್ನುವುದರಲ್ಲಂತೂ ಸಂದೇಹವಿಲ್ಲ. ಹಾಡುವಳ್ಳಿಯ ಮತ್ತು ನಗಿರೆಯ, ಅಂದರೆ ಗೇರುಸೊಪ್ಪೆಯ, ಸಾಳುವ ಅರಸರು ಜೈನರು. ವಿಜಯನಗರದ ಅಧೀನದಲ್ಲಿ ಈ ಕರಾವಳಿಯನ್ನು ಆಳಿದವರು.

ವಿಜಯನಗರಕ್ಕೆ ಭಟ್ಕಳ ಬೇಕಾಗಿದ್ದುದು ಮುಖ್ಯವಾಗಿ ಕುದುರೆಗಾಗಿ. ದಖನ್ನಿನ ಹವೆಯಲ್ಲಿ ಒಳ್ಳೆಯ ಯುದ್ಧಾಶ್ವದ ತಳಿ ಬೆಳೆಯುತ್ತಿರಲಿಲ್ಲ. ಅರಬಸ್ತಾನದ, ಪರ್ಷಿಯಾದ ಕುದುರೆಗಳು ಹಡಗಿನಲ್ಲೇ ಬರಬೇಕಿತ್ತು. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ದುವಾರ್ತೆ ಬಾರ್ಬೋಸಾ, ಹೊರ್ಮುಜ್‌ನ ಹಡಗುಗಳು ಇಲ್ಲಿಗೆ ಕುದುರೆ, ಮುತ್ತು ತಂದು ಬಿಳಿ ಅಕ್ಕಿ, ಸಕ್ಕರೆ, ಕಬ್ಬಿಣ ಒಯ್ಯುತ್ತಿದ್ದುದನ್ನು ದಾಖಲಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ದೊಮಿಂಗೊ ಪಾಯಿಸ್, ಒಳನಾಡಿನಿಂದ ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದವೆಂದು ಬರೆದಿದ್ದಾನೆ. ಘಟ್ಟದ ಮೇಲಿನ ರಾಜಧಾನಿಗೂ ಹೊಳೆದಂಡೆಯ ಈ ಪೇಟೆಗೂ ನಡುವೆ ಇದ್ದದ್ದು ಎತ್ತಿನ ಗೊರಸಿನ ಜಾಡು.

ಇಷ್ಟು ದುಡಿಮೆಯಿದ್ದ ಊರಿಗೆ ಪೆಟ್ಟುಗಳೂ ಅಷ್ಟೇ ಬಿದ್ದವು. ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ 15ನೇ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿನ ಮುಸ್ಲಿಂ ವರ್ತಕರ ಹತ್ಯೆ ನಡೆದು, ಉಳಿದವರು ಗೋವೆಗೆ ಹೋದರೆಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಹೇಳುತ್ತಾನೆ. 1502ರಲ್ಲಿ ವಾಸ್ಕೊ ಡ ಗಾಮ ಎರಡನೆಯ ಸಲ ಬಂದಾಗ ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಹೋದ ಮೇಲೆ ಕುದುರೆ ವ್ಯಾಪಾರವನ್ನು ಅವರು ಬಲವಂತವಾಗಿ ಅಲ್ಲಿಗೆ ತಿರುಗಿಸಿದರು. 1542ರಲ್ಲಿ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜ ಊರನ್ನು ಲೂಟಿ ಮಾಡಿ ಸುಟ್ಟ.

ಅದೇ ಶತಮಾನದ ಕಲ್ಲುಗೆಲಸ ಇಂದಿಗೂ ಕಣ್ಣಮುಂದಿದೆ. ಮೂಡಭಟ್ಕಳದಲ್ಲಿ ಖೇತಪೈ ಎಂಬ ಕೊಂಕಣಿ ವರ್ತಕ ಕಟ್ಟಿಸಿದ ನಾರಾಯಣ ದೇಗುಲದ ಗೋಡೆಗಳ ಮೇಲೆ ರಾಮಾಯಣದ ಕೆತ್ತನೆ ಇದೆ. ಅಡಿಕೆ ನಾರಾಯಣ ಎಂಬ ಇನ್ನೊಂದು ಗುಡಿ ವ್ಯಾಪಾರದ ಸರಕನ್ನೇ ದೇವರ ಹೆಸರಿಗೆ ಸೇರಿಸಿಕೊಂಡಿದೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ಮಾಡಿಗೆ ಇಳಿಜಾರಾಗಿ ಹಾಸಿದ್ದು ಕಲ್ಲಿನ ಚಪ್ಪಡಿ. ಮಳೆನಾಡಿನ ಮರದ ಮನೆಯನ್ನು ಶಿಲ್ಪಿ ಕಲ್ಲಿನಲ್ಲಿ ಕಟ್ಟಿದಂತಿದೆ. ಜೈನ ನಾಯಕ, ಕೊಂಕಣಿ ಶೆಟ್ಟಿ, ಅರಬಿ ಕಡಲಿನ ವರ್ತಕ ಒಂದೇ ಪೇಟೆಯ ದುಡ್ಡಿನಿಂದ ಬದುಕಿದ್ದಕ್ಕೆ ಈ ಕಟ್ಟಡಗಳಿಗಿಂತ ಬೇರೆ ಸಾಕ್ಷಿ ಬೇಡ.

ಬಟೂಟ ಕಂಡದ್ದು, ಬುಕನನ್ ಕಂಡದ್ದು

ಕೇರಿಯ ಸ್ವಭಾವ ತಿಳಿಯಲು ಮೊದಲು ಶರಾವತಿಯ ಅಳಿವೆಗೆ, ಹೊನ್ನಾವರಕ್ಕೆ ಹೋಗಬೇಕು. 1340ರ ದಶಕದಲ್ಲಿ ‘ಹಿನೌರ್’ಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬಟೂಟ ಅಲ್ಲಿನ ಮುಸ್ಲಿಮರು ಶಾಫಿ ಪಂಥದವರೆಂದೂ, ಅವರಿಗೆ ಬೇಸಾಯದ ಭೂಮಿಯಿಲ್ಲವೆಂದೂ, ಕಡಲ ವ್ಯಾಪಾರವೇ ಜೀವನವೆಂದೂ ಬರೆದ. ಹೆಂಗಸರಿಗೆ ಕುರಾನ್ ಕಂಠಪಾಠವಾಗಿತ್ತು. ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳ ಶಾಲೆ 23 ಇದ್ದವು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಅರ್ಧ ಜಗತ್ತು ತಿರುಗಿದ ಆತ ಅಚ್ಚರಿಪಟ್ಟ.

ನಾನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದು, 1801ರಲ್ಲಿ, ಟಿಪ್ಪುವಿನ ಪತನದ ಬಳಿಕ ಈ ಸೀಮೆಯನ್ನು ಸಮೀಕ್ಷೆ ಮಾಡುತ್ತ ಫ್ರಾನ್ಸಿಸ್ ಬುಕನನ್ ಭಟ್ಕಳಕ್ಕೆ ಬಂದ. ಅವನ ಲೆಕ್ಕದಲ್ಲಿ ಊರಿಗೆ 500 ಮನೆ, ಎರಡು ಮಸೀದಿ, ಹತ್ತಾರು ಗುಡಿ. ಊರಿನ ಮುಸ್ಲಿಂ ವರ್ತಕ ಸಮುದಾಯವಾದ ನವಾಯತರ ಬಗ್ಗೆ ಅವನು ಗಮನಿಸಿದ ಒಂದು ಸಂಗತಿ ಈ ಲೇಖನದ ಮಟ್ಟಿಗೆ ಬಹಳ ಬೆಲೆಯುಳ್ಳದ್ದು: ಅವರು ಕರಾವಳಿಯ ಬೇರೆ ಬೇರೆ ಕಡೆಗೆ ವ್ಯಾಪಾರಕ್ಕೆ ಹೋಗುತ್ತಾರೆ, ಆದರೆ ಅವರ ಮನೆ ಇದೇ, ಸಂಸಾರವನ್ನು ಇಲ್ಲೇ ಬಿಟ್ಟು ಹೋಗುತ್ತಾರೆ.

ಒಂದು ಬರಹ ಹೊನ್ನಾವರದ್ದು, ಇನ್ನೊಂದು ಭಟ್ಕಳದ್ದು. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದೇ ಬಾಳ್ವೆಯ ಎರಡು ಮಗ್ಗುಲು ಕಾಣುತ್ತವೆ. ಗಂಡಸರು ಹೊರಗೆ, ಕಡಲಿನ ಮೇಲೆ. ಕಲಿತ ಹೆಂಗಸರು ಊರಿನಲ್ಲಿ, ಮನೆಯ ಒಡೆತನದಲ್ಲಿ. ಭಟ್ಕಳದ ನವಾಯತರೂ ಶಾಫಿಗಳು. ಅವರಾಡುವ ನವಾಯತಿ ಕೊಂಕಣಿಯ ಬುಡದ ಮೇಲೆ ಅರಬಿ, ಪಾರಸಿ ಪದಗಳನ್ನು ಹೊತ್ತ, ಪಾರಸಿ ಲಿಪಿಯಲ್ಲಿ ಬರೆಯುವ ಭಾಷೆ. ಸಮುದಾಯದ ಬಗ್ಗೆ ವಿಕ್ಟರ್ ಡಿಸೋಜ ಬರೆದ ಇಂಗ್ಲಿಷ್ ಅಧ್ಯಯನವನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1955ರಲ್ಲಿ ಹೊರತಂದಿತು. ಊರು ಬಿಟ್ಟು ಹೋದವರು ಮದರಾಸಿನಲ್ಲಿ ತಮಿಳನ್ನೋ ಕಲಕತ್ತೆಯಲ್ಲಿ ಬಂಗಾಳಿಯನ್ನೋ ಕಲಿತಿರಬಹುದು. ಮಕ್ಕಳು ಮಾತು ಕಲಿತದ್ದು ಕೇರಿಯ ಜಗುಲಿಯಲ್ಲಿ, ತಾಯಿ ಅಜ್ಜಿಯರಿಂದ.

ಸುಲ್ತಾನ್ ಸ್ಟ್ರೀಟ್, ಖಲೀಫಾ ಸ್ಟ್ರೀಟ್, ಜನ ‘ಚಿನ್ನದ ಪಳ್ಳಿ’ ಎನ್ನುವ ಜಾಮಿಯಾ ಮಸೀದಿಯ ಸುತ್ತಿನ ಓಣಿಗಳು: ಇವೇ ಹಳೇ ಕೇರಿ. ಹಂಚಿನ ಮಾಡು, ಮರದ ಮಾಳಿಗೆ, ಬೀದಿಗೆ ಮುಖಮಾಡಿದ ಜಗುಲಿ. ಜಗುಲಿ ಗಂಡಸರದು, ಬಂದುಹೋಗುವವರದು. ಹೆಂಗಸರಿಗೆ ಪಕ್ಕದಲ್ಲಿ ಬೇರೆ ಬಾಗಿಲು. ಅಲ್ಲಿಂದ ಒಳಗೆ ಉದ್ದಕ್ಕೆ ಸಾಗುವ ಕೋಣೆಗಳು. ಯಜಮಾನ ವರ್ಷದ ಬಹುಪಾಲು ಊರಲ್ಲಿರದ ಮನೆಗೆ ತಕ್ಕ ಕಟ್ಟಡ ಇದು.

ಹೊನ್ನಾವರದ, ಕುಮಟೆಯ ದಾರಿ

ಹೊನ್ನಾವರದ ಪಾಲಿಗೆ ಬಂದದ್ದು ಕೋಟೆ ಮತ್ತು ಕಾಳಗ. 1505ರಲ್ಲಿ ಪೋರ್ಚುಗೀಸರು ಅದನ್ನು ಸುಟ್ಟರು. ಅಲ್ಲಿನ ಕಡಲ ನಾಯಕ ತಿಮ್ಮೋಜ ಐದು ವರ್ಷದ ಬಳಿಕ ಅವರಿಗೇ ಗೋವೆ ಗೆಲ್ಲಲು ನೆರವಾದ. 1560ರ ದಶಕದ ಕೊನೆಯಲ್ಲಿ ಅವರ ಕೋಟೆ ಎದ್ದಿತು. ಅಲ್ಲಿಂದ ಮುಂದೆ ಅಳಿವೆ ಕೆಳದಿಯ, ಹೈದರನ, ಇಂಗ್ಲಿಷರ ಕೈಯಿಂದ ಕೈಗೆ ಹೋಯಿತು. 1783–84ರಲ್ಲಿ ಇಂಗ್ಲಿಷರ ಕ್ಯಾಪ್ಟನ್ ಟೊರಿಯಾನೊ ಕೋಟೆಯೊಳಗೆ ತಿಂಗಳುಗಟ್ಟಲೆ ಟಿಪ್ಪುವಿನ ಮುತ್ತಿಗೆ ತಡೆದು ಕುಳಿತ. ಇಷ್ಟು ಸಲ ಸುಟ್ಟು, ಗೆದ್ದು, ಬಿಟ್ಟ ಊರಿನಲ್ಲಿ ಬಟೂಟ ಕಂಡ 36 ಶಾಲೆಗಳ ಕುರುಹು ಉಳಿಯದಿದ್ದರೆ ಅಚ್ಚರಿಯಿಲ್ಲ.

ಕುಮಟೆಯದು ಬೇರೆ ಕಥೆ. ಅದರ ಏಳಿಗೆ 19ನೇ ಶತಮಾನದ್ದು, ಅದಕ್ಕೆ ಕಾರಣ ಹತ್ತಿ. ಹುಬ್ಬಳ್ಳಿ, ಧಾರವಾಡದ ಹತ್ತಿ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ‘ಕುಮಟಾ’ ಎಂದರೆ ಹತ್ತಿಯ ಒಂದು ಬಗೆ ಎಂದೇ ಅರ್ಥವಿತ್ತು. ಬೆಳೆದ ಬಯಲುಸೀಮೆಯ ಹೆಸರು ಬಿಟ್ಟು ಹಡಗಿಗೆ ಹೇರಿದ ಊರಿನ ಹೆಸರು ಬೆಳೆಗೆ ಅಂಟಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಹತ್ತಿಯ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿ, ಕಾರವಾರವನ್ನು ದೊಡ್ಡ ಬಂದರು ಮಾಡುವ ಯೋಜನೆ ನಡೆಯಿತು. 1880ರ ದಶಕದ ಕೊನೆಗೆ ಮರ್ಮಗೋವೆಯಿಂದ ಘಟ್ಟದ ಮೇಲಕ್ಕೆ ರೈಲು ಹತ್ತಿದಾಗ ಹತ್ತಿ ಗಾಡಿಗಳು ಕುಮಟೆಯ ದಾರಿ ಬಿಟ್ಟವು. ಕುಮಟೆ ಸಾಗಿಸಿದ್ದು ಸರಕು. ಸರಕು ಹತ್ತಿರದ, ಅಗ್ಗದ ದಾರಿ ಹಿಡಿಯುತ್ತದೆ.

ಭಟ್ಕಳ ಕಳಿಸಿದ್ದು ಮನುಷ್ಯರನ್ನು. ಅವರು ಮರಳಿ ಬರುತ್ತಿದ್ದರು, ಬರದಿದ್ದಾಗ ಹಣ ಕಳಿಸುತ್ತಿದ್ದರು. ಆ ಹಣ ಸಂಸ್ಥೆಗಳಾಯಿತು. ಮಜ್ಲಿಸೆ ಇಸ್ಲಾಹ್ ವ ತಂಜೀಮ್ 1912ರಲ್ಲಿ, ಅಂಜುಮನ್ ಹಾಮಿಯೆ ಮುಸ್ಲಿಮೀನ್ 1919ರಲ್ಲಿ, ಜಾಮಿಯಾ ಇಸ್ಲಾಮಿಯಾ 1962ರಲ್ಲಿ ಹುಟ್ಟಿದವು. ಒಂದು ಶಾಲೆಯಿಂದ ಶುರುವಾದ ಅಂಜುಮನ್ ಇಂದು ಎಂಜಿನಿಯರಿಂಗ್ ಕಾಲೇಜನ್ನೂ ಹೆಣ್ಣುಮಕ್ಕಳ ಕಾಲೇಜನ್ನೂ ನಡೆಸುತ್ತದೆ. 1970ರ ದಶಕದಿಂದ ದುಬೈ, ಸೌದಿಯ ದಾರಿ ತೆರೆದುಕೊಂಡಿತು. ವಾಹನ ಬದಲಾಯಿತು, ಬುಕನನ್ ಕಂಡ ಕ್ರಮ ಬದಲಾಗಲಿಲ್ಲ.

ಗಲ್ಫ್ ದುಡ್ಡು ಕೇರಿಯನ್ನು ಉಳಿಸಿದಂತೆ ಖಾಲಿಯೂ ಮಾಡಿದೆ. ಅನುಕೂಲವಾದವರು ಹೆದ್ದಾರಿಯ ಆಚೆ, ಜಾಲಿಯ ಕಡೆ ಕಾಂಕ್ರೀಟ್ ಮನೆ ಕಟ್ಟಿದರು. ಹಳೆಯ ಮರದ ಮಾಳಿಗೆಗಳು ಒಂದೊಂದಾಗಿ ಇಳಿಯುತ್ತಿವೆ. ಬಸದಿಗೆ, ಖೇತಪೈ ಗುಡಿಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ, ಮನೆಗಳಿಗಿಲ್ಲ. ಅಳತೆ ತೆಗೆದು, ನಕ್ಷೆ ಬರೆದು, ಬಾಗಿಲು ಕಂಬಗಳ ಚಿತ್ರ ದಾಖಲಿಸುವ ಕೆಲಸವನ್ನು ಈ ತಲೆಮಾರು ಮಾಡದಿದ್ದರೆ ಮುಂದಿನವರಿಗೆ ಅಳೆಯಲು ಏನೂ ಉಳಿಯುವುದಿಲ್ಲ. ಹಡಗು ತಂದ ಶರಾಬಿ ಹೊಳೆಯಲ್ಲೇ ಹೂಳು ತುಂಬಿದೆ, ಒಳಚರಂಡಿಯ ನೀರು ಸೇರಿ ದಂಡೆಯ ಬಾವಿಗಳು ಕೆಟ್ಟಿವೆ. ಮೀನುಗಾರರ ದೋಣಿಗಳಿಗೆ ಈಗ ಮಾವಿನಕುರ್ವೆ, ತೆಂಗಿನಗುಂಡಿಗಳೇ ಆಸರೆ.

1993ರ ಕೋಮುಗಲಭೆ ಈ ಊರಿನ ಮೇಲೆ ಆಳವಾದ ಗಾಯ ಮಾಡಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಅದರ ವಿಚಾರಣೆ ನಡೆಸಿತು. ಹೊರಗಿನವರು ಭಟ್ಕಳವನ್ನು ಆ ವರ್ಷದಿಂದಲೇ ಗುರುತಿಸುತ್ತಾರೆ. ಊರಿನ ನೆನಪು ಅದಕ್ಕಿಂತ ಉದ್ದದ್ದು. ಪೇಟೆಯ ಚನ್ನಪಟ್ಟಣ ಹನುಮಂತ ದೇವರ ರಥೋತ್ಸವ ರಾಮನವಮಿಯ ಹೊತ್ತಿಗೆ ನಡೆಯುತ್ತದೆ. ತೇರು ಎಳೆಯುವ ಮೊದಲು ದೇವಸ್ಥಾನದವರು ವಾದ್ಯದೊಂದಿಗೆ ಶಾಬಂದ್ರಿ ಮನೆತನದ ಬಾಗಿಲಿಗೆ ಹೋಗಿ ಆಮಂತ್ರಣ ಕೊಡುವ ಪದ್ಧತಿ ಬಹುಕಾಲದಿಂದ ಇದೆ. ಬಂದರಿನ ಅಧಿಕಾರಿಯ ಹೆಸರು ಹೊತ್ತ ಮನೆಯವರು ಜಗುಲಿಯಲ್ಲಿ ನಿಂತು ಬಂದವರನ್ನು ಇದಿರುಗೊಳ್ಳುತ್ತಾರೆ.