ಹೊಗಿ ಅಲ್ಲ ಕಾಕಾ, ಉಗಿ

ಹೋದ ದೀಪಾವಳಿಗೆ ಶರಣಸಿರಸಗಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡುವ ಅಣ್ಣನ ಮಗನೂ ಬಂದಿದ್ದ. ರಾತ್ರಿ ಮಾಳಿಗೆ ಮೇಲೆ ಪೆನ್‌ಡ್ರೈವ್‌ನಂಥದ್ದೊಂದನ್ನು ಬಾಯಿಗಿಟ್ಟು, ಮಾವಿನಹಣ್ಣಿನ ವಾಸನೆಯ ಮೋಡ ಬಿಟ್ಟ. ನಾನು ನೋಡಿದ್ದು ಕಂಡು, "ಹೊಗಿ ಅಲ್ಲ ಕಾಕಾ, ಬರೇ ಉಗಿ. ನಾ ಸಿಗರೇಟ್ ಮುಟ್ಟಿದವನೇ ಅಲ್ಲ. ಬಾಯಿ ಒಣಗತದ, ಅಷ್ಟೇ. ಒಸಡಿನ್ಯಾಗ ಒಂದು ಹನಿ ರಕ್ತ ಸೈತ ಬರಂಗಿಲ್ಲ" ಅಂದ.

ಈ ವಾದ ನಮ್ಮ ಸೀಮೆಯಲ್ಲಿ ನಾಲ್ಕು ನೂರು ವರ್ಷ ಹಳೆಯದು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ನಮ್ಮ ಪಕ್ಕದ ಬಿಜಾಪುರಕ್ಕೆ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ದರ್ಬಾರಿಗೆ ಬಂದಿದ್ದ. ತಂಬಾಕನ್ನು ಅವನು ಮೊದಲು ಕಂಡದ್ದು ಇಲ್ಲೇ. ಪೋರ್ಚುಗೀಸರು ತಂದಿಳಿಸಿದ್ದ ಎಲೆ ಅದು. ರತ್ನ ಕೂರಿಸಿದ ಚಂದದ ಕೊಳವೆ ಮಾಡಿಸಿಕೊಂಡು ಅಕ್ಬರನಿಗೆ ಒಯ್ದು ಕೊಟ್ಟ. ಪರೀಕ್ಷೆಯಾಗದ ಪದಾರ್ಥ, ಬೇಡ ಎಂದರು ವೈದ್ಯರು. ಯಾವ ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಅಲ್ಲವೇ ಎಂದು ಅಸದ್ ಬೇಗ್ ವಾದಿಸಿದ. 1617ರಲ್ಲಿ ಜಹಾಂಗೀರ್ ತಂಬಾಕು ನಿಷೇಧಿಸಿದ. ಚಟ ನಿಲ್ಲಲಿಲ್ಲ.

ಆಮೇಲೆ ಹುಕ್ಕಾದ ಕಾಲ. ನಮ್ಮ ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಮಾಡಿದ ಹುಕ್ಕಾ ಬುಡಗಳು ಇವತ್ತು ವಿದೇಶಿ ಮ್ಯೂಸಿಯಮ್ಮುಗಳಲ್ಲಿವೆ. ನೀರಿನಲ್ಲಿ ಹಾದ ಹೊಗೆ ಶುದ್ಧವಾಗುತ್ತದೆ ಅಂತ ಜನ ನಂಬಿದ್ದರು. ಹೊಗೆ ತಣ್ಣಗಾಗುತ್ತಿತ್ತು, ನಿಕೋಟಿನ್ ಮಾತ್ರ ಬರುತ್ತಲೇ ಇತ್ತು.

2003ರಲ್ಲಿ ಚೀನಾದ ಔಷಧತಜ್ಞ ಹೋನ್ ಲಿಕ್ ಇವತ್ತಿನ ಇ-ಸಿಗರೇಟನ್ನು ರೂಪಿಸಿದ. ಅವನೂ ಸಿಗರೇಟು ಸೇದುವವನೇ. ಹೊಗೆ ಹೋಗಿ ಉಗಿ ಬಂತು. ಕರ್ನಾಟಕ 2016ರಲ್ಲೇ ಅದನ್ನು ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. ಆದರೂ ನಮ್ಮ ಹುಡುಗನ ಜೇಬಿನಲ್ಲಿ ಅದು ಇತ್ತು.

ಇನ್ನು ಬಾಯಿಯ ಲೆಕ್ಕ. ಆ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ತೇವ ಹೀರುತ್ತದೆ, ಬಾಯಿ ಒಣಗುತ್ತದೆ. ಹುಳುಕಿನ ಆಮ್ಲವನ್ನು ತೊಳೆಯುವುದೇ ಜೊಲ್ಲು. ಅದು ಕಡಿಮೆಯಾದರೆ ಹಲ್ಲಿಗೆ ಕಾವಲಿಲ್ಲ. ಅಂಟುಅಂಟಾದ ಗ್ಲಿಸರಿನ್ ಮತ್ತು ಸಿಹಿ ಫ್ಲೇವರ್‌ ಸೇರಿದರೆ ಬ್ಯಾಕ್ಟೀರಿಯಾ ಹಲ್ಲಿಗೆ ಇನ್ನಷ್ಟು ಗಟ್ಟಿಯಾಗಿ ಹತ್ತುತ್ತವೆ. ಎಲ್ಲಕ್ಕಿಂತ ಮೋಸದ್ದು ನಿಕೋಟಿನ್. ಅದು ಒಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಸಡು ಕಾಯಿಲೆ ಬಿದ್ದರೆ ಮೊದಲು ಸುಳಿವು ಕೊಡುವುದು ರಕ್ತ. ಆ ಸುಳಿವೇ ಅಡಗಿಬಿಡುತ್ತದೆ. ಒಂದು ಹನಿ ರಕ್ತ ಬರಂಗಿಲ್ಲ ಅಂತ ಹುಡುಗ ಹೆಮ್ಮೆಯಿಂದ ಹೇಳಿದ್ದು ಇದನ್ನೇ.

ಹಬ್ಬ ಮುಗಿದ ಮೇಲೆ ಹಟ ಹಿಡಿದು ಕಲಬುರಗಿಯ ದಂತವೈದ್ಯರ ಹತ್ತಿರ ಕರೆದೊಯ್ದೆ. ಒಸಡು ಮತ್ತು ಹಲ್ಲಿನ ಸಂದಿಗೆ ಅಳತೆಕಡ್ಡಿ ಇಟ್ಟು ನೋಡಿದರು. 3 ಮಿಲಿಮೀಟರ್ ದಾಟಬಾರದು; ಅವನದು ಎರಡು ಕಡೆ 5 ಇತ್ತು. ವಯಸ್ಸು 26. "ಈಗ ಬಿಟ್ಟರೆ ಹಲ್ಲು ಉಳೀತಾವ" ಅಂದರು ಡಾಕ್ಟರು.

ವಾಪಸ್ ಬರುವಾಗ ಆಟೋದಲ್ಲಿ ಸುಮ್ಮನಿದ್ದವನು ಒಮ್ಮೆಲೇ ಕೇಳಿದ: "ಕಾಕಾ, ಆ ಅಕ್ಬರ್ ಮುಂದ ಏನ್ ಮಾಡ್ದ?"

"ಒಂದೆರಡು ದಮ್ ಎಳೆದು ನೋಡ್ದ. ವೈದ್ಯರ ಮಾತು ಕೇಳಿ ಬಿಟ್ಟ. ಅವನ ಸುತ್ತಲಿನವರು ಬಿಡಲಿಲ್ಲ."